ಬರದ ಸೀಮೆಯಲ್ಲಿ ಉಪಕಾರ ಸ್ಮರಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕು ತಾಲೂಕುಗಳ ಇತಿಹಾಸವನ್ನು ಬರೆಯಹೊರಟವನು ಅರಸರ ವಂಶಾವಳಿಗಿಂತ ಮೊದಲು ಮಳೆಯ ಲೆಕ್ಕವನ್ನು ಕೈಗೆತ್ತಿಕೊಳ್ಳಬೇಕು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ನದಿಗಳಿಗೇನೂ ಕೊರತೆಯಿಲ್ಲ, ಆದರೆ ಶತಮಾನಗಳವರೆಗೆ ನದಿಯ ನೀರು ನದಿಯಲ್ಲೇ ಹರಿದುಹೋಯಿತು, ಹೊಲದ ಎರೆಮಣ್ಣು ಮುಗಿಲು ನೋಡುತ್ತ ಕುಳಿತಿತು. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಈ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಆ ಗಾದೆಯಲ್ಲಿ ‘ಹರಿದರೆ’ ಎಂಬ ಮಾತು ಬಹಳ ದೊಡ್ಡದು. ಹರಿಯದಿದ್ದ ವರ್ಷ ಓಣಿಯಲ್ಲಿ ಜೋಳವೂ ಇಲ್ಲ, ಜನವೂ ಇಲ್ಲ. ಹಗೇವು ಬರಿದಾದೊಡನೆ ಗುಳೆ ಹೊರಡುವುದು ಈ ಸೀಮೆಯವರಿಗೆ ತಲೆತಲಾಂತರದಿಂದ ತಿಳಿದ ದಾರಿ.

ಇಂಥ ಸೀಮೆಯಲ್ಲಿ ಮನುಷ್ಯನು ದೇವರಿಗೆ ಉಪಕಾರ ಹೇಳುವುದು ಹೇಗೆ? ಬೆಳೆ ಬಂದ ವರ್ಷ ಹೇಳಿಯಾನು. ಬಾರದ ವರ್ಷ ಏನು ಹೇಳಬೇಕು? ಈ ಪ್ರಶ್ನೆಯನ್ನು ಎಲ್ಲ ಮತದವರೂ ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದ್ದಾರೆ. ಇವರಲ್ಲಿ ಎಣಿಕೆಯಿಂದ ತೀರ ಚಿಕ್ಕದಾದ ಒಂದು ಸಮಾಜ, ಅಂದರೆ ಈ ಭಾಗದ ಕನ್ನಡ ಕ್ರೈಸ್ತ ಸಮಾಜ, ಅದನ್ನು ಹೇಗೆ ಎದುರಿಸಿತು ಎಂಬುದನ್ನು ಇಲ್ಲಿ ಸ್ವಲ್ಪದರಲ್ಲಿ ನೋಡೋಣ. ‘ಸ್ತೋತ್ರ’ ಎಂಬುದು ಅವರ ನಿತ್ಯದ ಮಾತು. ದೇವರಿಗೆ ಉಪಕಾರ ಹೇಳುವುದಕ್ಕೆ ಅವರಾಡುವ ಮಾತೂ ಅದೇ. ಹೊಟ್ಟೆ ತುಂಬಿದಾಗ ಬಾಯಿಗೆ ಬರುವ ಈ ಶಬ್ದವು ಹೊಟ್ಟೆ ಬರಿದಾದಾಗಲೂ ನಿಲ್ಲಬಲ್ಲುದೇ ಎಂಬುದು ಅವರ ಚರಿತ್ರೆಯಲ್ಲಿ ಹಲವು ಸಲ ಪರೀಕ್ಷೆಗೆ ಬಂದಿದೆ.

ಮೊದಲು ಒಂದು ಮಾತು. ಉಪಕಾರ ಸ್ಮರಣೆಯನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತಂದುಕೊಡಬೇಕಾಗಿರಲಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಒಂದು ಶಾಸನವುಂಟು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಓದುತ್ತಿದ್ದ ಒಂದು ಶಾಲೆಯನ್ನೂ ಅವರ ವಸತಿಗೆ ಬಿಟ್ಟ ಮನೆಗಳನ್ನೂ ಅದು ಹೇಳುತ್ತದೆ. ಅದರೊಡನೆ ಇನ್ನೊಂದು ಕಟ್ಟಳೆಯನ್ನೂ ಹೇಳುತ್ತದೆ: ಊರಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಕೊಡಬೇಕು. ತನ್ನ ಮನೆಯಲ್ಲಿ ಶುಭ ನಡೆದಾಗ ಪರವೂರಿನ ಹುಡುಗನ ಅನ್ನಕ್ಕೂ ವಿದ್ಯೆಗೂ ಒಂದು ಪಾಲು ತೆಗೆದಿಡುವ ಈ ಪದ್ಧತಿಗೆ ಸಾವಿರ ವರ್ಷ ಮೀರಿದ ವಯಸ್ಸಾಗಿದೆ.

ಅದಕ್ಕೆ ಎರಡು ಶತಮಾನಗಳ ಮೇಲೆ ಬಾಗೇವಾಡಿಯ ಬಸವಣ್ಣನವರು ದಾಸೋಹದ ತತ್ತ್ವವನ್ನು ಲೋಕಕ್ಕೆ ಕೊಟ್ಟರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನಗೆ ಬಂದುದು ತನ್ನದಲ್ಲವೆಂದು ಬಲ್ಲವನು ಅದನ್ನು ಹಂಚುವಾಗ ಬೀಗುವಂತಿಲ್ಲ. ಇನ್ನು ಒಕ್ಕಲಿಗರ ಎಳ್ಳಮಾವಾಸ್ಯೆಯನ್ನು ಈ ಸೀಮೆಯವರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಸಜ್ಜಿಯ ರೊಟ್ಟಿ, ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂಡಿಸಿ ಉಣ್ಣುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ ಆಗ ಬಿಳಿಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಕೊಯ್ಲಾಗಿಲ್ಲ, ರಾಶಿಯಾಗಿಲ್ಲ. ರೋಗ ಬೀಳಬಹುದು, ಹಕ್ಕಿ ಎರಗಬಹುದು. ಆದರೂ ಭೂಮಿತಾಯಿಗೆ ಸಲ್ಲಬೇಕಾದುದು ಮೊದಲೇ ಸಲ್ಲುತ್ತದೆ. ಈ ಮಾತನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಇನ್ನು ಕ್ರೈಸ್ತಧರ್ಮ ಈ ಕಡೆಗೆ ಬಂದ ಬಗೆ. ಮುದ್ದೇಬಿಹಾಳದಿಂದ ಕೃಷ್ಣೆಯ ಆಚೆಗಿರುವ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಕೆಥೋಲಿಕ ಸಮಾಜವೊಂದು ಬಾಳಿಕೊಂಡು ಬಂದಿದೆ. ಪ್ರಾಟೆಸ್ಟಂಟ್ ಪಂಥದ ಬಾಸೆಲ್ ಮಿಶನ್ ಬಂದದ್ದು 19ನೆಯ ಶತಮಾನದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಪಶ್ಚಿಮ ಕರಾವಳಿಗೆ ಇಳಿದು ಮಂಗಳೂರಿನಲ್ಲಿ ನೆಲೆಸಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಒಂದೊಂದಾಗಿ ಠಾಣ್ಯಗಳು ಬೆಳೆದವು. ಅಷ್ಟರಲ್ಲಿ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಇಡಿಯ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್, ಮಹಾನಿಘಂಟುವಿನ ಕಿಟೆಲ್ ಇವರೆಲ್ಲ ಇದೇ ಬಾಸೆಲ್ ಮಿಶನ್ನಿನವರೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಗುಳೇದಗುಡ್ಡವು ಖಣದ ಊರು, ನೇಕಾರರ ಊರು. ಅಲ್ಲಿನ ಸಭೆಗೂ ಮಗ್ಗಕ್ಕೂ ಮೊದಲಿನಿಂದಲೇ ನಂಟು ಬೆಳೆಯಿತು.

ಹೀಗಿರುವಲ್ಲಿ 1876ನೆಯ ವರ್ಷ ಬಂದಿತು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ಮುಂಗಾರು ಹೆಸರಿಗೆ ಬಂದು ಹೋಯಿತು. ಹಿಂಗಾರು ಬರಲೇ ಇಲ್ಲ. ಇಂಡಿ, ಸಿಂದಗಿಗಳ ಎರೆಹೊಲಕ್ಕೆ ಹಿಂಗಾರಿಯೇ ಜೀವ. ಹಳಬರ ಬಾಯಲ್ಲಿ ಇನ್ನೂ ಬದುಕಿದ್ದ 1791ರ ತಲೆಬುರುಡೆಯ ಬರವು ಮತ್ತೆ ಬಾಗಿಲಿಗೆ ಬಂದಂತಾಯಿತು. ಆ ಬರಕ್ಕೆ ಆ ಹೆಸರು ಬಂದದ್ದು ಮಣ್ಣು ಕಾಣದೆ ಸತ್ತವರ ಬುರುಡೆಗಳು ಬಯಲಲ್ಲಿ ಹರಡಿ ಬಿದ್ದಿದ್ದರಿಂದ. ಈ ಸಲವೂ ದನಗಳು ಮೊದಲು ಬಿದ್ದವು. ಆಮೇಲೆ ಕೂಲಿಕಾರರು, ಆಮೇಲೆ ನೇಕಾರರು. ಕಾಳು ಕೊಳ್ಳಲು ಕಾಸಿಲ್ಲದ ಊರಲ್ಲಿ ಸೀರೆ ಕೊಳ್ಳುವವರಾರು?

1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ವೈಭವದಿಂದ ನಡೆಯಿತು. ಅದೇ ತಿಂಗಳು ಬರಗಾಲದ ತನಿಖೆಗಾಗಿ ಸರಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್‌ರು ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೊಂದು ಆಣೆ ಸಾಕೆಂದು ಗೊತ್ತುಮಾಡಿದರು. ಮಣ್ಣು ಹೊತ್ತು ಕಲ್ಲು ಒಡೆಯುವವನಿಗೆ ಒಂದು ಪೌಂಡು! ಈ ಕೂಲಿಯನ್ನು ಒಪ್ಪದೆ ಮುಂಬಯಿ ಇಲಾಖೆಯಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ಹೋದರು. ಬರದ ಬೆನ್ನಿಗೆ 1878-79ರಲ್ಲಿ ಇಲಿಗಳ ಹಾವಳಿ ಬಂದು, ಚೇತರಿಸಿಕೊಳ್ಳುತ್ತಿದ್ದ ಬೆಳೆಯನ್ನೂ ತಿಂದುಹಾಕಿತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಇಲ್ಲವಾದರು. ಕೆಲವರು ಸತ್ತು, ಕೆಲವರು ಊರು ಬಿಟ್ಟು.

ಈ ದಿನಗಳಲ್ಲಿ ಬಾಸೆಲ್ ಮಿಶನ್ನಿನ ಠಾಣ್ಯಗಳಲ್ಲಿ ಅನಾಥ ಮಕ್ಕಳು ಕೂಡಿದರು. ತಂದೆ ತಾಯಿ ಸತ್ತವರು, ದಾರಿಯಲ್ಲಿ ಬಿಟ್ಟುಹೋದವರು, ಸಾಕಲಾರದೆ ತಂದೊಪ್ಪಿಸಿದವರು. ಅವರಿಗೆ ಗಂಜಿ ಸಿಕ್ಕಿತು, ಮೇಲೆ ಓದು ಬರಹ, ಒಂದು ಕಸಬು. ಉಣ್ಣುವ ಮುಂಚೆ ಕೈಮುಗಿದು ದೇವರಿಗೆ ಸ್ತೋತ್ರ ಹೇಳುವುದು ಆ ಮನೆಗಳ ನಿಯಮ. ಇಲ್ಲಿಯೇ ನಮ್ಮ ಪ್ರಶ್ನೆ ತೊಡಕಾಗುತ್ತದೆ. ಹಸಿದ ಮಗುವಿನ ಬಾಯಿಂದ ಬಂದ ಆ ಸ್ತೋತ್ರ ನಿಜವಾಗಿ ಕೃತಜ್ಞತೆಯೋ, ಇಲ್ಲ ಉಂಡ ಅನ್ನದ ಋಣವೋ? ‘ಗಂಜಿಗಾಗಿ ಜಾತಿ ಬಿಟ್ಟವರು’ ಎಂಬ ಚುಚ್ಚುಮಾತು ಆಗಲೂ ಇತ್ತು, ಆಮೇಲೂ ಉಳಿಯಿತು. ಅದನ್ನು ಕೇವಲ ದ್ವೇಷದ ಮಾತೆಂದು ತಳ್ಳಿಹಾಕಿದರೆ ಇತಿಹಾಸಕ್ಕೆ ನ್ಯಾಯವಾಗದು. ಬರಗಾಲದಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಸಮಾನತೆಯೆಂಬುದು ಇರುವುದಿಲ್ಲ. ಅನ್ನದೊಡನೆ ಧರ್ಮವೂ ಬಂದಾಗ ಯಾವುದು ಯಾವುದಕ್ಕಾಗಿ ಎಂಬುದನ್ನು ಬೇರ್ಪಡಿಸುವುದು ಕಷ್ಟ.

ಈ ತೊಡಕು ಮಿಶನರಿಗಳಿಗೂ ತಿಳಿಯದೆ ಇರಲಿಲ್ಲ. ಇದಕ್ಕೆ ತೆಲುಗು ನಾಡಿನ ಒಂಗೋಲಿನ ಉದಾಹರಣೆ ಪ್ರಸಿದ್ಧವಾಗಿದೆ. ಅಮೇರಿಕದ ಬಾಪ್ಟಿಸ್ಟ್ ಮಿಶನ್ನಿನ ಜಾನ್ ಕ್ಲೌ ಎಂಬವರು ಇದೇ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲು ತೋಡುವ ಗುತ್ತಿಗೆಯನ್ನು ತಾವೇ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟರು. ಆದರೆ ಆ ಕಾಲದಲ್ಲಿ ದೀಕ್ಷಾಸ್ನಾನ ಬೇಡಿ ಬಂದವರಿಗೆ ಒಲ್ಲೆನೆಂದರು. ಅನ್ನದಾಸೆಗೆ ಬಂದರೆಂಬ ಮಾತು ಬರಬಾರದು ಎಂಬುದು ಅವರ ಎಣಿಕೆ. ಪರಿಹಾರದ ಕೆಲಸ ಮುಗಿದ ಮೇಲೆಯೂ ಜನರು ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಕೊಡುವುದಕ್ಕೆ ಏನೂ ಉಳಿಯದಿದ್ದಾಗಲೂ ಬಂದವರ ಮನಸ್ಸಿನಲ್ಲಿ ಅನ್ನಕ್ಕಿಂತ ಬೇರೆಯಾದ ಏನೋ ಒಂದು ಇತ್ತೆಂದು ಒಪ್ಪಬೇಕಾಗುತ್ತದೆ. ತಮ್ಮನ್ನು ಮನುಷ್ಯರೆಂದು ಎಣಿಸಿ ಹೆಸರು ಹಿಡಿದು ಕರೆದವರು ಇದ್ದರೆಂಬ ನೆನಪೂ ಅದರಲ್ಲಿ ಸೇರಿರಬಹುದು.

ಸಂಸ್ಕೃತದ ‘ಕೃತಜ್ಞ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ‘ಮಾಡಿದ್ದನ್ನು ಬಲ್ಲವನು’ ಎಂದಾಗುತ್ತದೆ. ಅಂದರೆ ಕೃತಜ್ಞತೆಯು ಮೂಲದಲ್ಲಿ ಒಂದು ಅರಿವು, ಒಂದು ನೆನಪು. ಋಣವಾದರೆ ತೀರಿಸಿದ ದಿನ ಮುಗಿಯುತ್ತದೆ. ಅರಿವು ಮುಗಿಯುವುದಿಲ್ಲ; ಅದು ಮತ್ತೊಬ್ಬನ ಕಡೆಗೆ ಹರಿಯುತ್ತದೆ. ಕ್ರೈಸ್ತರ ವೇದದಲ್ಲಿಯೂ ಈ ಅರ್ಥವೇ ಇದೆ. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಕ್ಷಾಮ ಬಂದಾಗ ಅಂತಿಯೋಕ್ಯದ ಸಭೆಯವರು ಯೂದಾಯದ ಸಹೋದರರಿಗೆ ಸಹಾಯ ಕಳಿಸಿದ ಕಥೆ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಮುಂದೆ ಯೆರೂಸಲೇಮಿನ ಬಡವರಿಗಾಗಿ ಸಂತ ಪೌಲನು ಊರೂರುಗಳಿಂದ ಹಣ ಕೂಡಿಸುತ್ತ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಈ ಕೊಡುಗೆಯ ಫಲವೇ ದೇವರಿಗೆ ಸಲ್ಲುವ ಸ್ತೋತ್ರವೆಂಬ ಭಾವವನ್ನು ತರುತ್ತಾನೆ. ಕೊಟ್ಟವರಿಗೆ ಸ್ತೋತ್ರವಲ್ಲ, ಕೊಟ್ಟವರೂ ಕೊಂಡವರೂ ಕೂಡಿ ದೇವರಿಗೆ ಹೇಳುವ ಸ್ತೋತ್ರ. ಕ್ರೈಸ್ತರು ರೊಟ್ಟಿ ಮುರಿದು ಹಂಚುವ ಅತಿ ಪವಿತ್ರವಾದ ಸಂಸ್ಕಾರಕ್ಕೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನ ಅರ್ಥವೂ ‘ಕೃತಜ್ಞತೆ’ ಎಂದೇ. ಬಾಗೇವಾಡಿಯ ದಾಸೋಹವನ್ನು ಬಲ್ಲ ಸೀಮೆಯವರಿಗೆ ಈ ಮಾತು ಅಪರಿಚಿತವೆನಿಸಲಿಕ್ಕಿಲ್ಲ.

ಇನ್ನೊಂದು ಸಂಗತಿಯುಂಟು. ಗುಳೇದಗುಡ್ಡಕ್ಕೂ ಬೆಟಗೇರಿಗೂ ಬಂದ ಜರ್ಮನ್ ಪಾದ್ರಿಗಳ ನಾಡು ಬರವನ್ನು ಕಾಣದ ನಾಡೇನಲ್ಲ. 17ನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಅಲ್ಲಿ ಊರಿಗೆ ಊರೇ ಬರಿದಾದವು. ಐಲೆನ್‌ಬುರ್ಗ್ ಎಂಬ ಕೋಟೆಯೂರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ ಇದ್ದನು. ದಂಡು, ಪ್ಲೇಗು, ಹಸಿವು ಒಂದರ ಹಿಂದೊಂದು ಬಂದವು. 1637ರ ಪ್ಲೇಗಿನಲ್ಲಿ ಅವನೊಬ್ಬನೇ 4 ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರ ನಡೆಸಿದನು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಜರ್ಮನರು ಸಂತೋಷದ ಸಮಾರಂಭಗಳಲ್ಲಿ ಹಾಡುತ್ತ ಬಂದ ಕೃತಜ್ಞತೆಯ ಗೀತ ಇದೇ ಮನುಷ್ಯನದು. 1636ರ ಸುಮಾರಿಗೆ, ಯುದ್ಧದ ನಡುವೆಯೇ, ಹುಟ್ಟಿದ್ದು. ಮೊದಲು ಅದು ಅವನ ಮನೆಯಲ್ಲಿ ಊಟದ ಹೊತ್ತಿಗೆ ಹೇಳುವ ಪ್ರಾರ್ಥನೆಯಾಗಿತ್ತೆಂದು ಹೇಳುತ್ತಾರೆ. ಇದ್ದ ಒಂದು ರೊಟ್ಟಿಯ ಮುಂದೆ ಹೇಳಿದ ಮಾತದು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹಿಗ್ಗುವೆನೆಂದ ಹಬಕ್ಕೂಕ ಪ್ರವಾದಿಯ ಪರಂಪರೆ ಅದು. ಇಂಥ ಮಾತುಗಳು ಕಷ್ಟಕ್ಕೆ ಉಪಕಾರ ಹೇಳುವುದಿಲ್ಲ. ಕಷ್ಟವು ಎಲ್ಲವನ್ನೂ ಕಸಿದುಕೊಳ್ಳಲಿಲ್ಲವೆಂದು ಸಾಕ್ಷಿ ಹೇಳುತ್ತವೆ, ಅಷ್ಟೆ.

ಬರದ ಅನುಭವದಿಂದ ಸರಕಾರವೂ ಸ್ವಲ್ಪ ಕಲಿಯಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿ, ಬರದ ಕಾಲದಲ್ಲಿ ಕಾಳು ಸಾಗಿಸಲೆಂದು ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹಳಿ ಹಾಕಿತು. ಇಂಡಿ ರೋಡು, ಬಸವನಬಾಗೇವಾಡಿ ರೋಡು ಎಂಬ ಸ್ಟೇಶನ್ನುಗಳು ಇದೇ ಮಾರ್ಗದವು. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಅದೇ ವರ್ಷ ಬಾಸೆಲ್ ಮಿಶನ್ನು ವಿಜಾಪುರದಲ್ಲಿ ತನ್ನ ಠಾಣ್ಯವನ್ನು ತೆರೆಯಿತು. ಕೃಷ್ಣೆಯ ಈಚೆಗಿನ ತಾಲೂಕುಗಳಿಗೆ ಅದೇ ಹತ್ತಿರದ ಠಾಣ್ಯ.

ಕನ್ನಡ ಕ್ರೈಸ್ತ ಸಭೆಗಳ ಸುಗ್ಗಿಯ ಹಬ್ಬವನ್ನು ನೋಡಿದವರಿಗೆ ಅದರ ಅಂದ ಗೊತ್ತು. ಮನೆಮನೆಯಿಂದ ಮೊದಲ ಫಲ ಬರುತ್ತದೆ. ಜೋಳ, ಕಡಲೆ, ಕುಸುಬೆ, ಕುಂಬಳಕಾಯಿ, ಕೋಳಿ, ತತ್ತಿ, ಯಾರ ಕೈಯಲ್ಲಿ ಏನಿದೆಯೋ ಅದು. ದೇವಾಲಯದ ಮುಂದೆ ರಾಶಿ ಹಾಕಿ, ಪ್ರಾರ್ಥನೆಯಾದ ಮೇಲೆ ಸವಾಲು ಕೂಗುತ್ತಾರೆ. ಒಂದು ತೆಂಗಿನಕಾಯಿ ಹತ್ತು ಕೈ ದಾಟಿ ಹತ್ತರಷ್ಟು ಬೆಲೆ ತರುವುದೂ ಉಂಟು. ಬಂದ ಹಣ ಸಭೆಯ ಕೆಲಸಕ್ಕೆ, ಬಡವರಿಗೆ. ಜರ್ಮನಿಯಲ್ಲಿ ಈ ಹಬ್ಬ ಶರತ್ಕಾಲದಲ್ಲಿ, ಸೆಪ್ಟೆಂಬರ ಕೊನೆ ಅಕ್ಟೋಬರ ಮೊದಲಿನ ಸುಮಾರಿಗೆ, ಕೊಯ್ಲು ಮುಗಿದು ಕಣಜ ತುಂಬಿದ ಮೇಲೆ ಬರುತ್ತದೆ. ಆದರೆ ಆ ಹೊತ್ತಿಗೆ ನಮ್ಮ ಇಂಡಿ ಸಿಂದಗಿಗಳಲ್ಲಿ ಕೂರಿಗೆ ಹೂಡಿ ಹಿಂಗಾರಿ ಜೋಳ ಬಿತ್ತುತ್ತಿರುತ್ತಾರೆ! ಅಲ್ಲಿ ತುಂಬಿದ ಕಣಜದ ಮುಂದೆ ಸ್ತೋತ್ರ. ಇಲ್ಲಿ ಅದೇ ದಿನ ಇದ್ದ ಕಾಳನ್ನು ಮಣ್ಣಿಗೆ ಹಾಕಿ ಮುಗಿಲು ನೋಡುವ ಹೊತ್ತು. ಎರಡನ್ನೂ ಬಲ್ಲವನಿಗೆ ಕೃತಜ್ಞತೆಯ ಎರಡು ಮುಖಗಳು ಕಾಣುತ್ತವೆ. ಬಂದುದಕ್ಕೆ ಹೇಳುವುದು ಒಂದು. ಬರುವ ಮೊದಲೇ ಪಾಲು ತೆಗೆದಿಡುವುದು ಇನ್ನೊಂದು. ಎಳ್ಳಮಾವಾಸ್ಯೆಯ ಚರಗದಲ್ಲಿರುವುದು ಈ ಎರಡನೆಯದು. ದಿನವೂ ಅಡಿಗೆಗೆ ಅಳೆಯುವಾಗ ಒಂದು ಹಿಡಿ ಕಾಳನ್ನು ದೇವರ ಹೆಸರಿನಲ್ಲಿ ಬೇರೆ ಗಡಿಗೆಗೆ ಹಾಕುವ, ದಕ್ಷಿಣ ಭಾರತದಿಂದ ಮಿಜೋರಾಮದವರೆಗೆ ಅನೇಕ ಸಭೆಗಳ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ಪದ್ಧತಿಯಲ್ಲಿರುವುದೂ ಅದೇ. ಉಂಡು ಮಿಕ್ಕದ್ದನ್ನು ಕೊಡುವುದಲ್ಲ. ಉಣ್ಣುವ ಮೊದಲೇ ತೆಗೆದಿಡುವುದು.

ಮುಂದಿನ ಪರೀಕ್ಷೆ ಮೊದಲನೆಯ ಮಹಾಯುದ್ಧದ ಕಾಲದ್ದು. 1914ರಲ್ಲಿ ಯುದ್ಧ ಹತ್ತಿದೊಡನೆ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಕೆಲವರನ್ನು ಅಹಮದನಗರದ ಶಿಬಿರದಲ್ಲಿಟ್ಟರು. 1915-16ರಲ್ಲಿ ಬಹಳ ಜನರನ್ನು ಹಡಗು ಹತ್ತಿಸಿ ಸ್ವದೇಶಕ್ಕೆ ಕಳಿಸಿದರು. ಮಿಶನ್ನಿನ ನೇಯ್ಗೆ, ಹಂಚುಗಳ ಕಾರಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. 1918ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಿತು. ಮೇಲೆ ಇನ್‌ಫ್ಲುಯೆಂಜಾ ಜ್ವರ ಮನೆಮನೆಯನ್ನು ಹೊಕ್ಕಿತು. ‘ಗಂಜಿಯ ಕ್ರೈಸ್ತರು’ ಎಂಬ ಮಾತು ನಿಜವಾಗಿದ್ದರೆ ಈ ಸಭೆಗಳು ಅಳಿದುಹೋಗಬೇಕಾಗಿದ್ದ ಕಾಲವೆಂದರೆ ಅದೇ. ಗಂಜಿ ಕೊಟ್ಟವರು ಹೋಗಿದ್ದರು, ಮಗ್ಗ ಕೊಟ್ಟವರು ಹೋಗಿದ್ದರು. ಆದರೂ ಸಭೆಗಳು ಉಳಿದವು. ಊರಿನ ಉಪದೇಶಿಗಳೂ ಹಿರಿಯರೂ ಪ್ರಾರ್ಥನೆಯನ್ನೂ ಶಾಲೆಗಳನ್ನೂ ನಡೆಸಿಕೊಂಡು ಹೋದರು. ಮುಂದೆ 1968ರಲ್ಲಿ ಈ ಭಾಗದ ಬಾಸೆಲ್ ಮಿಶನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. 1970ರಲ್ಲಿ ಧಾರವಾಡವನ್ನು ಕೇಂದ್ರ ಮಾಡಿಕೊಂಡ ಉತ್ತರ ಕರ್ನಾಟಕ ಧರ್ಮಪ್ರಾಂತವಾಯಿತು. ಸ್ತೋತ್ರವು ಪರದೇಶದ ದಾತರಿಗೆ ಸಲ್ಲಿಸಿದ ರಸೀದಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇಂದು ಸೀಮೆ ಬದಲಾಗಿದೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನಿಂದಲೂ ನಾರಾಯಣಪುರದ ಕಾಲುವೆಗಳಿಂದಲೂ ಕೃಷ್ಣೆಯ ನೀರು ಎಷ್ಟೋ ಎರೆಹೊಲಗಳಿಗೆ ಏರಿದೆ. 2014ರಿಂದ ಜಿಲ್ಲೆಯ ಹೆಸರು ವಿಜಯಪುರ. ಆದರೆ ಆ ನೀರಿಗಾಗಿ ಮನೆ, ಹೊಲ, ಗುಡಿ, ಗೋರಿಗಳನ್ನು ಮುಳುಗಿಸಿಕೊಂಡ ಊರುಗಳೂ ಇದೇ ಸೀಮೆಯವು. ನೀರು ಕಂಡ ಹೊಲದವನು ನೀರಲ್ಲಿ ಹೊಲ ಕಳಕೊಂಡವನನ್ನು ನೆನೆಯುತ್ತಾನೆಯೇ? ಇಂದಿನ ಕಾಲದಲ್ಲಿ ಕೃತಜ್ಞತೆಯ ಪರೀಕ್ಷೆ ಬಹುಶಃ ಇದೇ. ಬರದ ಕಾಲದಲ್ಲಿ ಸ್ತೋತ್ರ ಹೇಳುವುದು ಕಷ್ಟವೆಂದು ನಾವು ತಿಳಿದಿರುತ್ತೇವೆ. ಸುಭಿಕ್ಷದ ಕಾಲದಲ್ಲಿ ಅದಕ್ಕಿಂತ ಕಷ್ಟವಾಗುವುದುಂಟು. ಬರಗಾಲದ ಮನೆಯಲ್ಲಿ ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬುದು ಒಂದು ಹಿಡಿಯವರೆಗೂ ನೆನಪಿರುತ್ತದೆ. ತುಂಬಿದ ಮನೆಗೆ ಆ ನೆನಪು ತಾನಾಗಿ ಬರುವುದಿಲ್ಲ; ಅದನ್ನು ರೂಢಿಯಿಂದ ಉಳಿಸಿಕೊಳ್ಳಬೇಕು.

ಸಾಲೋಟಗಿಯವರು ಅದಕ್ಕಾಗಿ ಮದುವೆಗೆ ಐದು ನಾಣ್ಯವೆಂದು ಕಲ್ಲಿನ ಮೇಲೆ ಬರೆದಿಟ್ಟರು. ಒಕ್ಕಲಿಗರು ವರ್ಷಕ್ಕೊಂದು ಅಮಾವಾಸ್ಯೆಯನ್ನು ಮೀಸಲಿಟ್ಟರು. ಬರದಲ್ಲಿ ತಂದೆ ತಾಯಿಯನ್ನು ಕಳಕೊಂಡು ಬದುಕಿದವರ ಮಕ್ಕಳೂ ಮೊಮ್ಮಕ್ಕಳೂ ಸುಗ್ಗಿಯ ಹಬ್ಬದಲ್ಲಿ ತಮ್ಮ ಜೋಳದ ಮೊದಲ ತೆನೆಯನ್ನು ಇನ್ನೊಬ್ಬರಿಗಾಗಿ ದೇವಾಲಯದ ಮುಂದೆ ಇಟ್ಟರು. ದಾರಿಗಳು ಬೇರೆ ಬೇರೆಯಾದರೂ ಅವು ಉಳಿಸಿಕೊಂಡ ನೆನಪು ಒಂದೇ. ಆ ನೆನಪು ಇರುವವರೆಗೆ ಈ ಸೀಮೆಯಲ್ಲಿ ಬರ ಬಂದರೂ ಬಡತನ ಬಾರದೆನ್ನಬಹುದು.